ಕೈ ಹಾಕಿದವಳ ರಕ್ತ

ಫಾರಂ ತುಂಬುವುದರಲ್ಲಿ ನನ್ನಷ್ಟು ಚೊಕ್ಕ ಮನುಷ್ಯ ನಮ್ಮ ಲ್ಯಾಬಿನಲ್ಲಿ ಇನ್ನೊಬ್ಬನಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಒಂದು ಗೀಟು ಹೆಚ್ಚಿಲ್ಲ, ಒಂದು ಅಂಕಣ ಖಾಲಿಯಿಲ್ಲ, ಅಕ್ಷರವಂತೂ ಕೇಳಲೇಬೇಡಿ. ಈಗ ಯಾರಾದರೂ ಹಾಗೆ ಹೊಗಳಿದರೆ ಮೈಯೆಲ್ಲ ಉರಿಯುತ್ತದೆ. ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ. ಹೊಗಳಿದವರು ಪಾಪ, ಇವನಿಗೇನಾಯಿತು ಅಂತ ನೋಡುತ್ತಾರೆ.

ಪುಣೆಯ ಒಂದು ಸಂಶೋಧನಾ ಕೇಂದ್ರದಲ್ಲಿ ನಾನು ಟೆಕ್ನಿಶಿಯನ್. ದನಗಳಿಂದ ಮನುಷ್ಯರಿಗೆ ದಾಟುವ ರೋಗಗಳ ಬಗ್ಗೆ ನಮ್ಮಲ್ಲಿ ಕೆಲಸ ನಡೆಯುತ್ತದೆ. ಊರ ಅಂಚಿನ ಗೋಠಾಗಳಿಗೆ ಹೋಗುತ್ತೇವೆ. ಗೋಠಾ ಅಂದರೆ ದನದ ಕೊಟ್ಟಿಗೆ. ಇಲ್ಲಿದ್ದು ಇದ್ದು ನನ್ನ ಬಾಯಿಗೂ ಮರಾಠಿ ಮಾತೇ ಬರುತ್ತದೆ. ಜೊತೆಗೆ ಬಂದ ಪಶುವೈದ್ಯ ಎಮ್ಮೆಯ ರಕ್ತ ತೆಗೆಯುತ್ತಾನೆ, ನಾನು ಮನುಷ್ಯನ ರಕ್ತ ತೆಗೆಯುತ್ತೇನೆ, ಎರಡಕ್ಕೂ ನಂಬರು ಹಚ್ಚುತ್ತೇನೆ, ಫಾರಂ ತುಂಬುತ್ತೇನೆ. ಆಮೇಲೆ ಲ್ಯಾಬಿಗೆ ಬಂದು ಪರೀಕ್ಷೆ ಮಾಡುವುದೂ ನಾನೇ. ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಯಿತು ಇದೇ ಕೆಲಸದಲ್ಲಿ.

ಆಗ ನಾವು ಹಿಡಿದಿದ್ದ ರೋಗ ಬ್ರೂಸೆಲ್ಲಾ. ನಮ್ಮ ಹಳ್ಳಿ ಕಡೆ ಹೆಸರು ಗೊತ್ತಿರಲಿಕ್ಕಿಲ್ಲ, ರೋಗ ಎಲ್ಲರಿಗೂ ಗೊತ್ತು. ಗಬ್ಬದ ಎಮ್ಮೆ ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತದೆ. ಒಂದು ಹಾಕಿದರೆ ಮುಂದಿನ ವರ್ಷ ಪಕ್ಕದ್ದೂ ಹಾಕುತ್ತದೆ. ಕಾಸದ ಹಾಲು ಕುಡಿದರೆ ಮನುಷ್ಯನಿಗೂ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ ಬರುವುದು ಬಾಣಂತಿ ಎಮ್ಮೆಯಿಂದ. ಸತ್ತ ಕರುವನ್ನು ಎಳೆದವರಿಗೆ, ಬೀಳದೆ ಉಳಿದ ಮಾಸವನ್ನು ಬರಿಗೈಯಲ್ಲಿ ಬಿಡಿಸಿ ತೆಗೆದವರಿಗೆ ಬರುತ್ತದೆ. ಬಂದರೆ ಜ್ವರ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಸಂಜೆ ಹೊತ್ತಿಗೆ ಮೈ ಬೆವೆತು ಬಟ್ಟೆ ಹಿಂಡುವಂತಾಗುತ್ತದೆ. ಸೊಂಟ ಹಿಡಿಯುತ್ತದೆ. ನೋಡಿದ ಡಾಕ್ಟರು ನೂರು ರೋಗ ನೆನಸುತ್ತಾರೆ, ಇದೊಂದನ್ನು ಬಿಟ್ಟು. ಇದನ್ನೆಲ್ಲ ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಬಾಯಿಪಾಠ ಹೇಳಿಕೊಡುತ್ತಿದ್ದೆ. ನನಗೆ ಗೊತ್ತಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ನನ್ನ ಅಕ್ಕನ ಮನೆ ಯೆರವಡಾದಿಂದ ಮುಂದೆ ಹೋದರೆ ಸಿಗುತ್ತದೆ. ಮನೆಗೆ ಅಂಟಿಕೊಂಡೇ ಗೋಠಾ, ಅದರಲ್ಲಿ ಆರೇಳು ಎಮ್ಮೆ. ನಾವು ವಿಜಯಪುರ ಜಿಲ್ಲೆಯವರು. ಭಾವ ಮದುವೆಗೆ ಮೊದಲೇ ಪುಣೆಗೆ ಬಂದು ಹಾಲಿನ ವ್ಯಾಪಾರ ಹಿಡಿದಿದ್ದ. ಹತ್ತನೇ ಇಯತ್ತೆ ಮುಗಿಸಿ ನಾನು ಅಕ್ಕನ ಮನೆಗೇ ಬಂದೆ. ಕಾಲೇಜು, ಆಮೇಲೆ ಲ್ಯಾಬಿನ ಡಿಪ್ಲೊಮಾ, ಎಲ್ಲ ಅವಳ ಮನೆಯಲ್ಲಿ ಉಂಡೇ ಮುಗಿಸಿದ್ದು. ಬೆಳಿಗ್ಗೆ ನಾನು ಪುಸ್ತಕ ಹಿಡಿದು ಕೂತಾಗ ಆಕೆ ಗೋಠಾದಲ್ಲಿ ಎಮ್ಮೆ ಹಿಂಡುವ ಸದ್ದು ಕೇಳುತ್ತಿತ್ತು. ಆ ಸದ್ದಿನಲ್ಲೇ ಓದಿ ಪಾಸಾದವನು ನಾನು.

ಆ ಮನೆಯಲ್ಲಿ ಕೆಲಸ ಹಂಚಿಕೊಂಡ ರೀತಿ ಹೇಳಬೇಕು. ಭಾವ ಹಾಲಿನ ಕ್ಯಾನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಹಾಕುತ್ತಿದ್ದ, ಹಿಂಡಿ-ಹೊಟ್ಟು ತರುತ್ತಿದ್ದ, ಹಾಲಿನವರ ಸಂಘದ ಮೀಟಿಂಗಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಹಿಂಡುವುದು, ಮೈ ತೊಳೆಯುವುದು, ಸಗಣಿ ಬಳಿಯುವುದು ಅಕ್ಕ. ಎಮ್ಮೆ ಈಯುವಾಗಂತೂ ಭಾವ ಹತ್ತಿರ ಸುಳಿಯುತ್ತಿರಲಿಲ್ಲ. ಅವನಿಗೆ ಹೇಸಿಕೆ. ಕರು ಅಡ್ಡ ತಿರುಗಿದರೆ ಮೊಣಕೈವರೆಗೆ ಕೈ ಹಾಕಿ ತಿರುಗಿಸುವವಳು ಅಕ್ಕ, ಮಾಸ ಬೀಳದಿದ್ದರೆ ಮೆಲ್ಲಗೆ ಬಿಡಿಸಿ ತೆಗೆಯುವವಳು ಅಕ್ಕ. ಅವಳ ಕೈ ಸಣ್ಣದು, ಎಮ್ಮೆಗೆ ನೋವಾಗುವುದಿಲ್ಲ ಅಂತ ಅಕ್ಕಪಕ್ಕದ ಗೋಠಾದವರೂ ಕರೆಯಲು ಬರುತ್ತಿದ್ದರು. ಇಷ್ಟಾದರೂ ಗೋಠಾ ಯಾರದು ಅಂದರೆ ಭಾವನದು. ಎಮ್ಮೆ ಯಾರವು ಅಂದರೆ ಭಾವನವು. ಅಕ್ಕ ಏನು ಮಾಡುತ್ತಾಳೆ ಅಂತ ಕೇಳಿದರೆ ಅವಳೇ ಹೇಳುತ್ತಿದ್ದಳು, ಏನೂ ಇಲ್ಲ, ಮನೆಯಲ್ಲಿ ಇರುತ್ತೇನೆ ಅಂತ.

ಹಾಗೆ ಹೇಳುವುದರಲ್ಲಿ ನಮಗೆ ಒಂದು ಜಂಬವಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಪುಣೆಯಲ್ಲಿ ಕನ್ನಡದವರು ಅಂದಕೂಡಲೇ ಜನರ ಕಣ್ಣಿಗೆ ಬರುವುದು ಕಟ್ಟಡದ ಕೆಲಸಕ್ಕೆ ಬಂದವರು. ಗಂಡ ಇಟ್ಟಿಗೆ ಕಟ್ಟಬೇಕು, ಹೆಂಡತಿ ತಲೆಯ ಮೇಲೆ ಬುಟ್ಟಿ ಹೊರಬೇಕು. ನಾವು ಅವರಲ್ಲ ಅಂತ ತೋರಿಸಿಕೊಳ್ಳುವ ಚಟ ನಮ್ಮ ಮಂದಿಗೆ. ನಮ್ಮ ಮನೆಯ ಹೆಣ್ಣುಮಕ್ಕಳು ದುಡಿಯಲು ಹೋಗುವುದಿಲ್ಲ, ಮನೆಯಲ್ಲಿ ಇರುತ್ತಾರೆ. ಇದು ಮದುವೆಗೆ ಹೆಣ್ಣು ನೋಡುವಲ್ಲಿ, ಬಾಡಿಗೆ ಮನೆ ಕೇಳುವಲ್ಲಿ, ಆಫೀಸಿನ ಗೆಳೆಯರ ಮುಂದೆ, ಎಲ್ಲ ಕಡೆ ನಡೆಯುವ ಮಾತು. ಗಾರೆ ಹೊರುವ ಆ ಹೆಂಗಸರು ಎದ್ದು ಬಂದು ನಮ್ಮ ಕಪಾಳಕ್ಕೆ ಬಾರಿಸಬೇಕಿತ್ತು. ಯಾರೂ ಬಾರಿಸಲಿಲ್ಲ. ನಾವು ಹೇಳುತ್ತಲೇ ಹೋದೆವು.

ಬ್ರೂಸೆಲ್ಲಾ ಕೆಲಸಕ್ಕೆ ಗೋಠಾಗಳನ್ನು ಹುಡುಕುವಾಗ ಅಕ್ಕನ ಮನೆಯ ಗೋಠಾ ಸೇರಿಸಿದವನು ನಾನೇ. ನಿಯಮ ಇದ್ದದ್ದು ಹೀಗೆ: ಒಂದು ಗೋಠಾದಿಂದ ಎಲ್ಲ ಎಮ್ಮೆಗಳ ರಕ್ತ, ಮತ್ತು ಎಮ್ಮೆಗಳನ್ನು ನೋಡಿಕೊಳ್ಳುವ ಒಬ್ಬ ಮನುಷ್ಯನ ರಕ್ತ. ನಾವು ಹೋದಾಗ ಭಾವ ಅಂಗಿಯ ತೋಳು ಮೇಲೇರಿಸಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಅಕ್ಕ ಅದೇ ತಾನೆ ಗೋಠಾದಿಂದ ಬಂದಿದ್ದಳು, ಸೀರೆಯ ಅಂಚು ಒದ್ದೆಯಾಗಿತ್ತು. ಎಲ್ಲರಿಗೂ ಚಹಾ ಕೊಟ್ಟಳು. ನಾನು ಭಾವನ ತೋಳಿಗೆ ರಬ್ಬರು ಕಟ್ಟಿ ರಕ್ತ ತೆಗೆದೆ. ಎಮ್ಮೆ ಹಿಂಡುವವರು ಯಾರು, ಬಾಣಂತನ ಮಾಡುವವರು ಯಾರು, ಕೈಗವಸು ಹಾಕುತ್ತಾರೋ ಇಲ್ಲವೋ, ಇಷ್ಟು ಪ್ರಶ್ನೆ ಫಾರಂನಲ್ಲಿತ್ತು. ಭಾವ ಎಲ್ಲದಕ್ಕೂ ತಾನೇ ಅಂದ. ನಾನು ಎಲ್ಲದಕ್ಕೂ ಗೀಟು ಹಾಕಿದೆ. ಸುಳ್ಳು ಅಂತ ಗೊತ್ತಿದ್ದೂ ಹಾಕಿದೆನೇ ಅಂದರೆ, ದೇವರಾಣೆಗೂ ಹಾಗಲ್ಲ. ಸುಳ್ಳು ಅಂತ ಅನ್ನಿಸಲೇ ಇಲ್ಲ. ಮನೆಯ ಯಜಮಾನ ಹೇಳುತ್ತಿದ್ದಾನೆ, ಬರೆದುಕೊಂಡೆ. ಅಕ್ಕನೂ ನಗುತ್ತಾ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು.

ಕೆಲವು ದಿನಗಳ ಮೇಲೆ ಆ ಗೋಠಾದ ರಕ್ತವನ್ನು ನಾನೇ ಪರೀಕ್ಷೆಗೆ ಇಟ್ಟೆ. ಬಿಳಿ ಹಲಗೆಯ ಮೇಲೆ ಗುಲಾಬಿ ಬಣ್ಣದ ಔಷಧದ ಒಂದು ಹನಿ, ರಕ್ತದಿಂದ ಬೇರ್ಪಡಿಸಿದ ತಿಳಿನೀರಿನ ಒಂದು ಹನಿ ಹಾಕಿ ಕಡ್ಡಿಯಿಂದ ಕಲಸಿ ಅಲ್ಲಾಡಿಸಬೇಕು. ರೋಗವಿಲ್ಲದಿದ್ದರೆ ಹಾಗೇ ಇರುತ್ತದೆ. ಇದ್ದರೆ ಒಡೆದ ಹಾಲಿನ ಹಾಗೆ ಕಣಕಣವಾಗುತ್ತದೆ. ಟ್ಯೂಬುಗಳ ಮೇಲೆ ಬರೀ ನಂಬರು, ಹೆಸರಿಲ್ಲ. ಆದರೆ ನಂಬರು ಬರೆದ ಕೈ ನನ್ನದೇ ಅಲ್ಲವೇ? ಮೂರು ಎಮ್ಮೆಗಳ ಹನಿ ನೋಡುನೋಡುತ್ತಲೇ ಒಡೆದವು. ಭಾವನ ಹನಿ ತಿಳಿಯಾಗಿ ಉಳಿಯಿತು. ಇನ್ನೆರಡು ಪರೀಕ್ಷೆಯಲ್ಲೂ ಅವನಿಗೆ ಏನೂ ಬರಲಿಲ್ಲ. ಅಬ್ಬಾ, ಮನೆಗೆ ಏನೂ ಆಗಿಲ್ಲ ಅಂತ ನಿಟ್ಟುಸಿರು ಬಿಟ್ಟೆ.

ಕೆಲಸ ಮುಗಿಯುವ ತನಕ ಗೋಠಾದವರಿಗೆ ಏನನ್ನೂ ಹೇಳಕೂಡದು ಅಂತ ಕಟ್ಟಪ್ಪಣೆಯಿತ್ತು. ರೋಗದ ಎಮ್ಮೆ ಅಂತ ಗೊತ್ತಾದರೆ ಮಾಲಕರು ಬೇರೆಯವರಿಗೆ ಮಾರಿಬಿಡುತ್ತಾರೆ, ರೋಗ ಹೊಸ ಊರು ಸೇರುತ್ತದೆ. ಅದಕ್ಕೇ ಈ ನಿಯಮ ಅಂತ ಈ ಕೆಲಸದ ಮುಖ್ಯಸ್ಥೆ, ನಮ್ಮ ಮೇಡಂ ಹೇಳಿದ್ದರು. ನಾನು ನಿಯಮ ಮುರಿದೆ. ಮಧ್ಯಾಹ್ನ ಲ್ಯಾಬಿನ ಹಿಂದೆ ನಿಂತು ಭಾವನಿಗೆ ಫೋನು ಮಾಡಿದೆ. ಎಮ್ಮೆಗಳಲ್ಲಿ ರೋಗ ಇದೆ, ಕಾಸದ ಹಾಲು ಬಾಯಿಗೆ ಹಾಕಬೇಡ, ಎಮ್ಮೆ ಈದಾಗ ಬರಿಗೈ ಹಾಕಬೇಡ, ಯಾರ ಮುಂದೂ ಬಾಯಿ ಬಿಡಬೇಡ ಅಂದೆ. ಭಾವ ಹೂಂ ಹೂಂ ಅಂದ. ನಾನು ಫೋನಿಟ್ಟು ನನ್ನ ಧೈರ್ಯಕ್ಕೆ ನಾನೇ ಮೆಚ್ಚಿಕೊಂಡೆ. ಅಕ್ಕನ ಋಣ ಸ್ವಲ್ಪ ತೀರಿಸಿದೆ ಅಂತಲೂ ಅನ್ನಿಸಿತು. ಥೂ ನನ್ನ ಜನ್ಮಕ್ಕೆ! ಎಮ್ಮೆಗೆ ಕೈ ಹಾಕಬೇಡ ಅಂತ ನಾನು ಎಚ್ಚರಿಸಿದ್ದು ಯಾವತ್ತೂ ಕೈ ಹಾಕದವನಿಗೆ.

ಭಾವ ಮಾಡಿದ್ದು ಒಂದೇ ಕೆಲಸ. ಆ ಮೂರರಲ್ಲಿ ಮೊದಲೇ ಕಂದು ಹಾಕಿದ್ದ ಎರಡು ಎಮ್ಮೆಗಳನ್ನು ರಾಂಜಣಗಾಂವ ಕಡೆಯವರಿಗೆ ಮಾರಿಬಿಟ್ಟ. ಮೇಡಂ ಹೇಳಿದ್ದೇ ನಿಜವಾಯಿತು. ಮೂರನೆಯದು ಒಳ್ಳೆ ಹಾಲಿನ ಎಮ್ಮೆ, ಅದನ್ನು ಇಟ್ಟುಕೊಂಡ. ಅದು ಮುಂದೆ ಗಬ್ಬದ ಏಳನೇ ತಿಂಗಳಿಗೇ ಸತ್ತ ಕರು ಹಾಕಿತು. ಎಳೆದವಳು ಅಕ್ಕ.

ಅದಾಗಿ ತಿಂಗಳೊಳಗೆ ಅಕ್ಕನಿಗೆ ಜ್ವರ ಶುರುವಾಯಿತು. ಮೊದಲು ಓಣಿಯ ಡಾಕ್ಟರು ಟೈಫಾಯ್ಡ್ ಅಂದರು. ಗುಳಿಗೆ ಕೊಟ್ಟರು, ಸಲೈನು ಹಚ್ಚಿದರು. ಜ್ವರ ಹೋದಂತೆ ಮಾಡಿ ಮತ್ತೆ ಬಂತು. ಸಂಜೆಯಾದರೆ ನಡುಕ, ಆಮೇಲೆ ಬೆವರು. ಎರಡು ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಸರಿಯುವಷ್ಟು ಸೊರಗಿದಳು. ಹಿಂಡಲು ಕೂತರೆ ಏಳಲು ಆಗದು, ಎಮ್ಮೆಯ ಕಾಲು ಹಿಡಿದು ಏಳುತ್ತಿದ್ದಳು. ಆದರೂ ಹಿಂಡುವುದು ಬಿಡಲಿಲ್ಲ. ಬೇರೆಯವರು ಕೂತರೆ ಎಮ್ಮೆ ಸೊರ ಬಿಡುವುದಿಲ್ಲ, ಹಾಲಿಳಿಸುವುದಿಲ್ಲ ಅಂತ ಅವಳ ವಾದ.

ನೀವು ಕೇಳಬಹುದು, ಜ್ವರ, ಬೆವರು, ಸೊಂಟನೋವು, ಎಲ್ಲ ನೀನೇ ಬಾಯಿಪಾಠ ಹೇಳುತ್ತಿದ್ದವನು, ನಿನಗೆ ಹೊಳೆಯಲಿಲ್ಲವೇ? ನಾನೂ ನನ್ನನ್ನು ಇದನ್ನೇ ಕೇಳಿಕೊಳ್ಳುತ್ತೇನೆ, ದಿನಾ ಕೇಳಿಕೊಳ್ಳುತ್ತೇನೆ. ನನ್ನ ತಲೆಯಲ್ಲಿ ಆ ಗೋಠಾದ ಮನುಷ್ಯ ಅಂದರೆ ಭಾವ. ಭಾವನ ರಕ್ತ ಶುದ್ಧ ಬಂದಿತ್ತು. ಅಲ್ಲಿಗೆ ಆ ಗೋಠಾದ ಲೆಕ್ಕ ನನ್ನ ಮಟ್ಟಿಗೆ ಮುಗಿದಿತ್ತು. ಅಕ್ಕ ಹಾಲು ಉಕ್ಕಿಸದೆ ಯಾರಿಗೂ ಕೊಟ್ಟವಳಲ್ಲ, ತಾನೂ ಕುಡಿದವಳಲ್ಲ, ಅದೂ ನನಗೆ ಗೊತ್ತಿತ್ತು. ಉಳಿದದ್ದನ್ನು, ಅವಳು ಗೋಠಾದಲ್ಲಿ ಮಾಡುತ್ತಿದ್ದದ್ದನ್ನು, ನೋಡುತ್ತಾ ಬೆಳೆದವನಿಗೆ ಅದು ಕೆಲಸ ಅಂತಲೇ ಕಾಣಲಿಲ್ಲ.

ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ನಾನೇ. ಭಾವನಿಗೆ ಹಾಲು ಹಾಕುವ ಹೊತ್ತು ತಪ್ಪುತ್ತದೆ ಅಂತ ನಾನು ರಜೆ ಹಾಕಿದ್ದೆ. ಅಲ್ಲಿ ಒಬ್ಬ ಡಾಕ್ಟರು ಕಾಗದ ಮುಂದಿಟ್ಟುಕೊಂಡು ಒಂದೊಂದೇ ಕೇಳುತ್ತಾ ಬಂದರು. ವಯಸ್ಸು, ಮಕ್ಕಳೆಷ್ಟು, ಸಕ್ಕರೆ ಕಾಯಿಲೆ ಇದೆಯೇ. ಏನು ಕೆಲಸ ಮಾಡುತ್ತಾರೆ ಅಂತ ಮರಾಠಿಯಲ್ಲಿ ಕೇಳಿದಾಗ ಅಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ:

"ಘರೀಚ್ ಅಸತೇ. ಕಾಹೀ ಕರತ್ ನಾಹೀ."

ಮನೆಯಲ್ಲೇ ಇರುತ್ತಾಳೆ, ಏನೂ ಮಾಡುವುದಿಲ್ಲ ಅಂತ. ಡಾಕ್ಟರು ಬರೆದುಕೊಂಡರು. ನಾನು ಪಕ್ಕದಿಂದ ಇಣುಕಿ ಅಕ್ಷರ ನೋಡಿದೆ, ನನ್ನಷ್ಟು ಚೆನ್ನಾಗಿರಲಿಲ್ಲ.

ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯ ಕೆಳಭಾಗದ ಒಂದು ಎಲುಬು, ಸೊಂಟದ ಒಂದು ಕೀಲು ಸವೆದಂತೆ ಕಂಡಿತು. ಮನೆಯಲ್ಲೇ ಇರುವ ಹೆಂಗಸು, ಬಹಳ ದಿನದ ಜ್ವರ, ತೂಕ ಇಳಿದಿದೆ, ಎಲುಬು ಸವೆದಿದೆ. ಬೆನ್ನಿನ ಟಿಬಿ ಅಂದರು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಆದರೂ ಇದು ಅದೇ ಇರಬೇಕು, ಔಷಧ ಶುರುಮಾಡಿ ನೋಡೋಣ ಅಂದರು. ಅವರ ತಪ್ಪು ಅಂತ ನಾನು ಹೇಳಲಾರೆ. ನಾನು ಕೊಟ್ಟ ಮಾಹಿತಿಗೆ ಅವರು ಸರಿಯಾದ ಉತ್ತರವನ್ನೇ ಬರೆದರು. ಹೇಳಲಾಗದಂಥ ಇನ್ನೊಂದು ಸಂಗತಿಯೂ ನಡೆಯಿತು. ಟಿಬಿಗೆ ಕೊಡುವ ಗುಳಿಗೆಗಳಲ್ಲಿ ಒಂದು ಬ್ರೂಸೆಲ್ಲಾಕ್ಕೂ ಅರ್ಧಮರ್ಧ ನಾಟುತ್ತದೆ. ಹಾಗಾಗಿ ಮೊದಲ ಮೂರು ವಾರ ಜ್ವರ ಇಳಿಯಿತು. ನಾವೆಲ್ಲ ಖುಷಿಯಾದೆವು. ರೋಗ ಸಿಕ್ಕಿತು ಅಂತ ಭಾವ ಪೇಢೆ ಹಂಚಿದ.

ಆಮೇಲೆ ಗುಳಿಗೆಗಳ ಆಟ ಶುರುವಾಯಿತು. ಬಾಯಿಗೆ ಅನ್ನ ಇಟ್ಟರೆ ವಾಂತಿ. ಮೂತ್ರದ ಬಣ್ಣ ಕೆಂಪಾಗುತ್ತದೆ, ಅಂಜಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು; ಅಂಜಲಿಲ್ಲ. ಕಣ್ಣು ಹಳದಿಯಾದಾಗ ಮಾತ್ರ ಆಸ್ಪತ್ರೆಗೆ ಓಡಿದೆವು. ಲಿವರಿಗೆ ಪೆಟ್ಟು ಬಿದ್ದಿತ್ತು. ಗುಳಿಗೆ ನಿಲ್ಲಿಸಿದರು, ಆಸ್ಪತ್ರೆಯಲ್ಲಿ ಮಲಗಿಸಿದರು. ಗುಳಿಗೆ ನಿಂತದ್ದೇ ಜ್ವರ ಮೊದಲಿನಂತೆ ಹೊತ್ತಿಕೊಂಡಿತು. ಅಕ್ಕ ಸಾಯುತ್ತಾಳೆ ಅಂತ ನನಗೆ ಆಗ ಖಂಡಿತ ಅನ್ನಿಸಿತ್ತು. ಹಾಸಿಗೆಯ ಪಕ್ಕ ಕೂತು ಅವಳ ಕಾಲೊತ್ತುತ್ತಿದ್ದೆ. ಎಮ್ಮೆ ಹಿಂಡಲು ಯಾರು ಕೂಡುತ್ತಿದ್ದಾರೆ ಅಂತ ಅವಳು ಕೇಳುತ್ತಿದ್ದಳು. ಸೊಸೆ ಅಂದೆ. ಅವಳ ಮಗನ ಹೆಂಡತಿ, ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಮಗ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸದವನು, ಅವನಿಗೆ ಗೋಠಾದ ಸಂಬಂಧವೇ ಇಲ್ಲ.

ಮರುದಿನ ಹೊಸ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸೊಲ್ಲಾಪುರದ ಕಡೆಯವಳು, ಹರಕುಮುರಕು ಕನ್ನಡ ಬರುತ್ತಿತ್ತು. ನನ್ನನ್ನು ಏನೂ ಕೇಳಲಿಲ್ಲ. ನೇರ ಅಕ್ಕನ ಹತ್ತಿರ ಕೂತು ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳಿನ ಗಂಟುಗಳು ದಪ್ಪ, ಹೆಬ್ಬೆರಳಿನ ಪಕ್ಕ ಒರಟಾಗಿ ಕಟ್ಟಿದ ಚರ್ಮ, ಉಗುರಿನ ಸಂದಿಯಲ್ಲಿ ಸೀಳು. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಈ ಕೈ ಏನೇನು ಮಾಡುತ್ತದೆ, ಒಂದೊಂದೇ ಹೇಳಿ ಅಂದಳು. ಅಕ್ಕನಿಗೆ ಯಾರೂ ಹಾಗೆ ಕೇಳಿದ್ದಿಲ್ಲ. ಮೊದಲು ನಾಚಿಕೊಂಡಳು, ಆಮೇಲೆ ಹೇಳುತ್ತಾ ಹೋದಳು. ಹಿಂಡುವುದು, ತೊಳೆಯುವುದು, ಸಗಣಿ. ಎಮ್ಮೆ ಸತ್ತ ಕರು ಹಾಕಿದ್ದು, ಮಾಸ ಎರಡು ದಿನ ಬೀಳದೆ ನಾರುತ್ತಿದ್ದದ್ದು, ಕೈ ಹಾಕಿ ತೆಗೆದದ್ದು. ನಾನು ಅಲ್ಲೇ ಗೋಡೆಗೆ ನಿಂತಿದ್ದೆ. ನಾನು ಹೊಸಬರಿಗೆ ಹೇಳಿಕೊಡುತ್ತಿದ್ದ ಬಾಯಿಪಾಠವನ್ನೇ ಅಕ್ಕ ಒಂದೊಂದಾಗಿ ಹೇಳುತ್ತಿದ್ದಳು. ಆ ಡಾಕ್ಟರು ನನ್ನ ಕಡೆ ತಿರುಗಿ, ನೀವು ಎಲ್ಲಿ ಕೆಲಸ ಮಾಡುತ್ತೀರಿ ಅಂತ ಕೇಳಿದಳು. ಹೇಳಿದೆ. ಅವಳು ರಕ್ತಪರೀಕ್ಷೆಯ ಚೀಟಿ ಬರೆದು ನನ್ನ ಕೈಗೇ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ಅಕ್ಕನ ರಕ್ತವನ್ನು ನಾನೇ ಲ್ಯಾಬಿಗೆ ತಂದೆ. ಗುಲಾಬಿ ಹನಿಗೆ ಅವಳ ಹನಿ ಸೇರಿಸಿ ಕಲಸಿದೆ. ಅಲ್ಲಾಡಿಸುವ ಮೊದಲೇ ಒಡೆಯಿತು. ಆಸ್ಪತ್ರೆಯಲ್ಲಿ ರೋಗಾಣು ಬೆಳೆಯುತ್ತದೋ ನೋಡಲು ಇಟ್ಟ ರಕ್ತದಲ್ಲೂ ಅದೇ ಬಂತು. ಲಿವರು ಸುಧಾರಿಸುವ ತನಕ ಕಾದು ಸರಿಯಾದ ಔಷಧ ಶುರುಮಾಡಿದರು. ಜ್ವರ ಹೋಯಿತು, ಜೀವ ಉಳಿಯಿತು. ಸೊಂಟದ ಕೀಲು ಉಳಿಯಲಿಲ್ಲ. ಎಂಟು ತಿಂಗಳು ತಡವಾಗಿತ್ತು. ಈಗ ಅಕ್ಕ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ. ನೆಲಕ್ಕೆ ಕೂಡಲಾರಳು. ಹೊರಸಿನ ಮೇಲೆ ಕೂತೇ ಇರುತ್ತಾಳೆ.

ನಾನು ಮೇಡಂ ಹತ್ತಿರ ಹೋದೆ. ಆ ಗೋಠಾದ ಫಾರಂ ತಪ್ಪಾಗಿದೆ, ಎಮ್ಮೆ ನೋಡಿಕೊಳ್ಳುವವಳು ನನ್ನ ಅಕ್ಕ, ಅವಳಿಗೆ ರೋಗ ಬಂದಿದೆ, ಅವಳ ಹೆಸರು ಹಾಕಿ ಅಂದೆ. ಮೇಡಂ ಒಳ್ಳೆಯವರು, ಸುಳ್ಳು ಹೇಳುವುದಿಲ್ಲ. ಅಕ್ಕನಿಗಾಗಿ ಮರುಗಿದರು. ಆದರೆ ಹೆಸರು ಸೇರಿಸುವ ಅವಧಿ ಮುಗಿದಿದೆ, ಒಂದು ಗೋಠಾಕ್ಕೆ ಒಬ್ಬರು ಅಂತ ಮೊದಲೇ ನಿಶ್ಚಯವಾಗಿತ್ತು, ಈಗ ಒಂದನ್ನು ಬದಲಿಸಿದರೆ ಎಲ್ಲವನ್ನೂ ಪ್ರಶ್ನೆ ಮಾಡುತ್ತಾರೆ ಅಂದರು. ಉಳಿದ ಗೋಠಾಗಳಲ್ಲಿ ಕುರ್ಚಿ ಹಾಕಿ ಕೂತವರು ಯಾರು ಅಂತ ಮತ್ತೊಮ್ಮೆ ಹೋಗಿ ನೋಡೋಣ ಅಂದೆ. ಮುಂದಿನ ಸಲ ಅಂದರು. ವರದಿ ಬಂತು. ಎಮ್ಮೆಗಳಲ್ಲಿ ರೋಗ ಬಹಳ ಇದೆ, ಅವುಗಳನ್ನು ನೋಡಿಕೊಳ್ಳುವ ಮನುಷ್ಯರಲ್ಲಿ ಅಪಾಯ ಕಡಿಮೆ ಅಂತ ಚೆಂದ ಬರೆದಿದ್ದಾರೆ. ಕಡಿಮೆ ಇರದೆ ಏನು? ನಾವು ರಕ್ತ ತೆಗೆದದ್ದೆಲ್ಲ ಇಸ್ತ್ರಿ ಅಂಗಿಯವರದು.

ವರದಿ ಬಂದ ವಾರ ಅಕ್ಕನ ಮನೆಗೆ ಹೋದೆ. ಸೊಸೆ ಐದು ತಿಂಗಳ ಬಸುರಿ ಅಂತ ಗೊತ್ತಾಗಿತ್ತು. ಈ ರೋಗ ಬಸುರಿಗೆ ತಗುಲಿದರೆ ಕೂಸು ಉಳಿಯುವುದು ಕಷ್ಟ. ಆಕೆಯ ರಕ್ತ ತೆಗೆಯಬೇಕು, ಆಕೆಯನ್ನು ಗೋಠಾದಿಂದ ದೂರ ಇಡಬೇಕು ಅಂತ ಭಾವನಿಗೆ ಹೇಳಲು ಹೋದದ್ದು. ಬ್ಯಾಗಿನಲ್ಲಿ ಸೂಜಿ, ಟ್ಯೂಬು, ಕೈಗವಸಿನ ಡಬ್ಬಿ ಇತ್ತು. ಭಾವ ಬಾಗಿಲಲ್ಲೇ ಪೇಪರು ಓದುತ್ತಾ ಕೂತಿದ್ದ. ನಾನು ಹೇಳಿದ್ದನ್ನು ಕೇಳಿ, ಪೇಪರು ಇಳಿಸದೆ ಅಂದ:

"ಆಕಿ ಗೋಠಾದಾಗ ಏನ್ ಮಾಡ್ತಾಳೋ? ಮನ್ಯಾಗ ಇರ್ತಾಳ."

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಒಬ್ಬಳನ್ನು ಕುಂಟಿ ಮಾಡಿ ಕೂಡಿಸಿದ್ದು ಸಾಕಾಗಲಿಲ್ಲವೇ ಅಂದೆ. ಭಾವ ಪೇಪರು ಮಡಚಿ ಎದ್ದು ನಿಂತ. ಅವನೂ ಬಿಡುವವನಲ್ಲ. ಎಲ್ಲ ಗೊತ್ತಿದ್ದವನು ನೀನು, ಎಮ್ಮೆಗೆ ರೋಗ ಅದ ಅಂತ ಫೋನು ಮಾಡಿ ಹೇಳಿದವನೂ ನೀನು, ದವಾಖಾನೆಗೆ ಕರಕೊಂಡು ಹೋಗಿ ಏನೂ ಮಾಡಂಗಿಲ್ಲ ಅಂತ ಬರೆಸಿದವನೂ ನೀನು, ಈಗ ನನ್ನ ಮೇಲೆ ಬರ್ತೀ ಏನು ಅಂದ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಒಳಗೆ ಹೊರಸಿನ ಮೇಲೆ ಕೂತಿದ್ದ ಅಕ್ಕ ಕೇಳಿಸಿಕೊಂಡಳು. ಫೋನಿನ ಸಂಗತಿ ಆಕೆಗೆ ಯಾರೂ ಹೇಳಿರಲಿಲ್ಲ. ನಮ್ಮಿಬ್ಬರನ್ನೂ ಒಳಗೆ ಕರೆದಳು. ಯಾವ ಫೋನು, ಯಾವಾಗ ಮಾಡಿದ್ದು ಅಂತ ಕೇಳಿದಳು. ಆಕೆಗೆ ಜ್ವರ ಬರುವುದಕ್ಕೆ ಎಷ್ಟೋ ಮೊದಲು, ಆ ಮೂರನೇ ಎಮ್ಮೆ ಸತ್ತ ಕರು ಹಾಕುವುದಕ್ಕೂ ಮೊದಲು ಅಂತ ನಾನೇ ಹೇಳಿದೆ. ಅಕ್ಕ ಭಾವನ ಕಡೆ ನೋಡಲೂ ಇಲ್ಲ.

"ಅವರಿಗೆ ಹೇಳಿದಿ," ಅಂದಳು. "ನನಗ್ಯಾಕ ಹೇಳಲಿಲ್ಲ, ತಮ್ಮಾ?"

ಹೊಳೆಯಲಿಲ್ಲ ಅಕ್ಕಾ ಅಂದೆ. ಬೇರೆ ಏನು ಹೇಳಲಿ? ಅದೇ ನಿಜ. ನಿಯಮಕ್ಕೆ ಹೆದರಿ ಹೇಳದೆ ಇದ್ದಿದ್ದರೆ ಅದಕ್ಕೊಂದು ಕಾರಣವಾದರೂ ಇರುತ್ತಿತ್ತು. ನಿಯಮ ಮುರಿದೂ ಹೇಳಲಿಲ್ಲ, ಅವಳು ನೆನಪಿಗೇ ಬರಲಿಲ್ಲ. ನನಗೆ ಅಳು ಬಂತು. ಅಕ್ಕ ಸಮಾಧಾನ ಮಾಡಲಿಲ್ಲ. ಚಿಕ್ಕಂದಿನಿಂದ ನಾನು ಅತ್ತಾಗೆಲ್ಲ ತಲೆ ಸವರಿದವಳು, ಆ ದಿನ ಕೈ ಮಡಿಲಲ್ಲೇ ಇಟ್ಟುಕೊಂಡಳು. ನನ್ನ ಅಳು ತಾನಾಗಿ ನಿಲ್ಲುವ ತನಕ ಕಾದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕರೆದಳು.

ನಮ್ಮಲ್ಲಿ ಗಂಡನ ಸೋದರಮಾವನ ಮುಂದೆ ಸೊಸೆಯಾದವಳು ಸೆರಗು ಹೊದ್ದುಕೊಂಡೇ ಬರಬೇಕು, ಮಾತಾಡಕೂಡದು. ಮೂರು ವರ್ಷದಲ್ಲಿ ಆಕೆ ನನ್ನ ಜೊತೆ ಒಂದು ಮಾತು ಆಡಿದ್ದಿಲ್ಲ. ನನಗೆ ಏನಾದರೂ ಹೇಳುವುದಿದ್ದರೂ ಅಕ್ಕನ ಮೂಲಕ ಹೇಳಿಸುತ್ತಿದ್ದೆ. ಬಂದು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಳು.

"ಅವರಿಗೆ ಫೋನ್‌ನ್ಯಾಗ ಏನ್ ಹೇಳಿದ್ದಿ, ಅದನ್ನ ಈಕಿಗೆ ಹೇಳು," ಅಂದಳು ಅಕ್ಕ. "ನನ್ನ ಕಡೆ ನೋಡಿ ಅಲ್ಲ. ಈಕಿ ಮಾರಿ ನೋಡಿ ಹೇಳು."

ನಾನು ಸೊಸೆಯ ಕಡೆ ತಿರುಗಿದೆ. ಅಕ್ಕ ಕೈ ಚಾಚಿ ಆಕೆಯ ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿದಳು. ಎಮ್ಮೆಗಳಲ್ಲಿ ಒಂದು ರೋಗ ಇದೆ ಅಂದೆ. ಅತ್ತೆಗೆ ಬಂದದ್ದು ಅದೇ ಅಂದೆ. ಎಮ್ಮೆ ಈದಾಗ ನೀರು, ರಕ್ತ, ಮಾಸ, ಯಾವುದನ್ನೂ ಬರಿಗೈಯಲ್ಲಿ ಮುಟ್ಟಬಾರದು, ಹೊಟ್ಟೆಯಲ್ಲಿ ಕೂಸಿರುವಾಗಂತೂ ಹತ್ತಿರವೂ ಹೋಗಬಾರದು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಅತ್ತೆಯ ಕಡೆ ನೋಡಿದಳು, ಮಾತಾಡಬಹುದೋ ಇಲ್ಲವೋ ಅಂತ. ಅಕ್ಕ ತಲೆ ಆಡಿಸಿದಳು.

"ನಿನ್ನಿ ಒಂದು ಎಮ್ಮಿ ಈದದರಿ," ಅಂದಳು. "ಮಾಸ ಬೀಳವಲ್ದಾಗಿತ್ತು. ನಾನೇ ಕೈ ಹಾಕಿ ತಗದೀನ್ರಿ. ಸೋಪ್ ಹಚ್ಚಿ ಕೈ ತೊಳಕೊಂಡೀನಿ. ನಡೀತದಲ್ರಿ?"